ಭುಜಕ್ಕೆ ಪೆಟ್ಟಾದರೆ ಕೇಳಬೇಕಾದ ಪ್ರಶ್ನೆ

ಮಕ್ಕಳೇ, ಭಾರ ಎತ್ತುವಾಗ ಭುಜಕ್ಕೆ ಪೆಟ್ಟಾದರೆ ಎಲ್ಲರೂ ಕೇಳೋದು, "ನೋವಿದೆಯಾ?" ಅಂತ. ಅಷ್ಟೇ ಸಾಲದು. ಕೈ ಪಕ್ಕಕ್ಕೆ ಎತ್ತಲು ಬರುತ್ತದೆಯೇ, ಭುಜದ ಹೊರಬದಿ ಮುಟ್ಟಿದರೆ ತಿಳಿಯುತ್ತದೆಯೇ ಎಂದೂ ಕೇಳಬೇಕು. ಕೈ ಎತ್ತುವ ಡೆಲ್ಟಾಯ್ಡ್ ಸ್ನಾಯುವಿಗೂ ಅದರ ಮೇಲಿನ ಚರ್ಮಕ್ಕೂ ಒಂದೇ ನರ: ಆಕ್ಸಿಲರಿ. ಅದು ತೋಳಿನ ಮೂಳೆಯ ಮೇಲ್ಭಾಗವನ್ನು ಸುತ್ತಿ ಹೋಗುತ್ತದೆ. ಕೀಲು ತಪ್ಪಿದರೆ ನರವೂ ಎಳೆತಕ್ಕೆ ಸಿಗಬಹುದು. ಆಗ ಬಲ ಕುಂದುತ್ತದೆ, ಜೋಮು ಹಿಡಿಯುತ್ತದೆ. ತುಂಡಾದ ನರತಂತು ಮತ್ತೆ ಬೆಳೆಯೋದು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ. ಅಷ್ಟರಲ್ಲಿ ಸ್ನಾಯು ಸೊರಗುತ್ತದೆ. ಅದಕ್ಕೇ ಎಣ್ಣೆ ತಿಕ್ಕಿಸಿ, ಕೈ ಎಳೆಸಿ ಕಾಲ ಕಳೆಯಬೇಡಿ. ಬೇಗ ಡಾಕ್ಟರಿಗೆ ತೋರಿಸಿ. ಜೋಮು ಹಿಡಿದಿದೆ ಅಂತ ಹೇಳಿಕೊಳ್ಳಲು ನಾಚಿಕೆ ಬೇಡ.