ಮಾತ್ರೆ ಬಿಡಿಸುವ ಪ್ರಾರ್ಥನೆಯ ಬಗ್ಗೆ ಎಚ್ಚರ

ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಉಳಿಯುವುದಿಲ್ಲ ಎಂಬ ಮಾತಿಗೆ ವಿಧಾನಸೌಧವೇ ದಶಕಗಟ್ಟಲೆ ಅಂಜಿತು. ಸಿದ್ದರಾಮಯ್ಯ ಮತ್ತೆ ಮತ್ತೆ ಬಂದುಹೋಗಿ, 2013ರಿಂದ 2018ರವರೆಗೆ ಅವಧಿ ಪೂರೈಸಿದರೂ ಆ ಮಾತು ಸತ್ತಿಲ್ಲ. ಕೊಳ್ಳೇಗಾಲ ಎಂದರೆ ಬೀದರಿನವರಿಗೂ ಮೊದಲು ನೆನಪಾಗುವುದು ಮಾಟ, ರೇಷ್ಮೆ ಆಮೇಲೆ. ಇಂಥ ಸೀಮೆಯಲ್ಲಿ ‘ಯಾರೋ ಏನೋ ಮಾಡಿಸಿದ್ದಾರೆ’ ಎಂಬ ಗುಮಾನಿಗೆ ಜಾತಿ ಮತದ ಗಡಿ ಎಲ್ಲಿಯದು? ಗುಂಡ್ಲುಪೇಟೆ ಕಡೆಯ ಕ್ರೈಸ್ತ ಮನೆಯಲ್ಲೂ ಚೆಂಡುಹೂವಿನ ಬೆಲೆ ಬಿದ್ದು, ಸಾಲ ಏರಿ, ಮಗಳು ನಿದ್ದೆಗೆಟ್ಟು ಒಬ್ಬಳೇ ಮಾತಾಡತೊಡಗಿದರೆ ಅದೇ ಗುಮಾನಿ ಏಳುತ್ತದೆ. ಮಾಟದ ಜಾಗದಲ್ಲಿ ಸೈತಾನನ ಕಾಟ, ಮಂತ್ರವಾದಿಯ ಜಾಗದಲ್ಲಿ ಬಿಡುಗಡೆ ಪ್ರಾರ್ಥನೆ, ಅಷ್ಟೇ.

ಈ ಕಾಟಕ್ಕೆ ಕ್ರೈಸ್ತ ಸಂಪ್ರದಾಯ ಹೇಳುವ ಮದ್ದು ಕೇಳಲು ಸರಳ, ನುಂಗಲು ಕಷ್ಟ. ನಿನ್ನ ತಪ್ಪನ್ನು ಒಪ್ಪಿಕೋ, ನಿನಗೆ ಕೇಡು ಮಾಡಿದವನನ್ನು ಕ್ಷಮಿಸು. ಕೋಪವನ್ನು ರಾತ್ರಿಗೆ ಉಳಿಸಿಕೊಂಡವನು ಸೈತಾನನಿಗೆ ಜಾಗ ಕೊಟ್ಟಂತೆ ಎಂಬುದು ಪೌಲನು ಎಫೆಸದವರಿಗೆ ಬರೆದ ಪತ್ರದ ಭಾವ. ಯಾಕೋಬನ ಪತ್ರವೂ ರೋಗಿಗಳ ವಿಚಾರ ಬಂದಲ್ಲೇ ಪಾಪನಿವೇದನೆಯ ವಿಚಾರ ಎತ್ತುತ್ತದೆ. ಇದನ್ನು ಹಗುರವಾಗಿ ತಳ್ಳಿಹಾಕುವವರಲ್ಲಿ ನಾವಿಲ್ಲ. ಮಾಟದ ನಂಬಿಕೆ ಬೆರಳು ತೋರಿಸುವುದು ಪಕ್ಕದ ಮನೆಯತ್ತ. ಪಾಪನಿವೇದನೆ ಆ ಬೆರಳನ್ನು ತೋರಿಸಿದವನತ್ತಲೇ ತಿರುಗಿಸುತ್ತದೆ. ದಾಯಾದಿ ಎಲ್ಲಿ ನಿಂಬೆಹಣ್ಣು ಹೂತಿದ್ದಾನೆಂದು ಹೊಲವೆಲ್ಲ ಅಗೆಯುತ್ತಿದ್ದವನು, ಅದೇ ದಾಯಾದಿಯ ಜಗಲಿಗೆ ಹೋಗಿ ‘ಬದುವಿನ ವಿಷಯದಲ್ಲಿ ನನ್ನದೂ ತಪ್ಪಿತ್ತು ಕಣಪ್ಪ’ ಎಂದರೆ ಎರಡೂ ಮನೆಗೆ ನಿದ್ದೆ ಬಂದೀತು. ಪೊಲೀಸ್ ಠಾಣೆ, ಕೋರ್ಟು ಎರಡೂ ಮಾಡಲಾಗದ ಕೆಲಸ ಅದು.

ನಮ್ಮ ಆತಂಕ ಇದರ ಮುಂದಿನ ಹೆಜ್ಜೆಯ ಬಗ್ಗೆ. ‘ಪ್ರಾರ್ಥಿಸಿದರೂ ವಾಸಿಯಾಗಲಿಲ್ಲ ಎಂದರೆ ನೀನು ಯಾವುದೋ ಪಾಪ ಮುಚ್ಚಿಟ್ಟಿದ್ದೀಯ, ಯಾರನ್ನೋ ಕ್ಷಮಿಸಿಲ್ಲ’ ಎಂಬ ಮಾತು ಪ್ರಾರ್ಥನಾ ಕೂಟಗಳಲ್ಲೂ ಯೂಟ್ಯೂಬಿನಲ್ಲೂ ಸಲೀಸಾಗಿ ಉರುಳುತ್ತಿದೆ. ಅಲ್ಲಿಗೆ ಪಾಪನಿವೇದನೆ ರೋಗ ಪತ್ತೆಯ ಪರೀಕ್ಷೆಯಾಯಿತು, ಮಾತ್ರೆ ನುಂಗುವುದು ಅವಿಶ್ವಾಸದ ಗುರುತಾಯಿತು. ಮೂರ್ಛೆರೋಗದ ಹುಡುಗ, ಹೆರಿಗೆಯ ನಂತರ ಮಂಕಾದ ಬಾಣಂತಿ, ಕುಡಿತ ಬಿಟ್ಟ ಎರಡು ಮೂರು ದಿನಕ್ಕೆ ಕೈ ನಡುಗಿ ಇಲ್ಲದ್ದನ್ನು ಕಾಣುವ ಗಂಡಸು, ಎಲ್ಲರೂ ಹೊರನೋಟಕ್ಕೆ ಕಾಟ ಹಿಡಿದವರಂತೆಯೇ ಕಾಣುತ್ತಾರೆ. ಫಿಟ್ಸ್ ಮಾತ್ರೆ ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಒಂದರ ಮೇಲೊಂದು ಬಂದು ಪ್ರಾಣವೇ ಹೋಗಬಹುದು. ಕುಡಿತ ಬಿಟ್ಟವನ ಆ ಭ್ರಮೆಯೂ ಆಸ್ಪತ್ರೆಗೆ ಓಡಬೇಕಾದ ತುರ್ತೇ. ಅದನ್ನು ಇಡೀ ರಾತ್ರಿಯ ಉಪವಾಸ ಪ್ರಾರ್ಥನೆಗೆ ಬಿಟ್ಟರೆ ಬೆಳಗಿನ ಹೊತ್ತಿಗೆ ತಡವಾಗಿರಬಹುದು.

ಹುಟ್ಟುಕುರುಡನನ್ನು ಕಂಡು ‘ಪಾಪ ಇವನದೋ, ಹೆತ್ತವರದೋ’ ಎಂದು ಶಿಷ್ಯರು ಕೇಳಿದಾಗ ಯೇಸು ಎರಡನ್ನೂ ಅಲ್ಲಗಳೆದ ಪ್ರಸಂಗ ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿದೆ. ಕೂಟಗಳಲ್ಲಿ ಈ ಅಧ್ಯಾಯ ಓದುವವರು ಕಣ್ಣು ಬಂದ ಕಥೆಗೆ ಬೇಗ ಹಾರಿಬಿಡುತ್ತಾರೆ. ಕಥೋಲಿಕ ಸಭೆಯ ನಿಯಮವಂತೂ ಇನ್ನೂ ಬಿಗಿ. ಧರ್ಮಾಧ್ಯಕ್ಷರ ವಿಶೇಷ ಅನುಮತಿಯಿಲ್ಲದೆ ಯಾರೂ ದೆವ್ವ ಬಿಡಿಸುವ ವಿಧಿ ನಡೆಸುವಂತಿಲ್ಲ ಎನ್ನುತ್ತದೆ 1983ರ ಧರ್ಮಸಭಾ ಸಂಹಿತೆಯ 1172ನೇ ವಿಧಿ. ಮೊದಲು ಕಾಯಿಲೆಯೋ ಅಲ್ಲವೋ ನೋಡಿ ಎಂಬ ಎಚ್ಚರಿಕೆಯೂ ಸಭೆಯ ಬೋಧನೆಯಲ್ಲೇ ಇದೆ. ಬಾಡಿಗೆ ಹಾಲ್ ಹಿಡಿದು, ಮೈಕ್ ಹಾಕಿಸಿ ನಡೆಸುವ ಸ್ವತಂತ್ರ ಪಾಸ್ಟರುಗಳಿಗೆ ಇಂಥ ಮೇಲಿನವರು ಯಾರೂ ಇಲ್ಲ.

ಕ್ಷಮೆಯ ಹೆಸರಿನಲ್ಲಿ ಇನ್ನೊಂದು ಅಪಾಯವಿದೆ. ಕುಡಿದು ಹೊಡೆಯುವ ಗಂಡನನ್ನು ಕ್ಷಮಿಸಿ ಮನೆಗೆ ಹೋಗಮ್ಮ, ನಿನ್ನ ಕಹಿಯೇ ಸೈತಾನನಿಗೆ ಬಾಗಿಲು ಎಂದು ಹೆಂಗಸಿಗೆ ಹೇಳುವವರು ಆ ಗಂಡನಿಗೆ ಏನು ಹೇಳಿದರು? ಕ್ಷಮಿಸುವುದೂ ಪೆಟ್ಟು ತಿನ್ನಲು ಹಿಂದಿರುಗುವುದೂ ಒಂದೇ ಎಂದು ಯಾವ ಸುವಾರ್ತೆಯೂ ಹೇಳಿಲ್ಲ. ಕೌಟುಂಬಿಕ ಹಿಂಸೆ ತಡೆ ಕಾಯ್ದೆ 2005ರಿಂದ ಇದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಕೂಟದವರ ಮುಂದೆ ತಮ್ಮ ಕಥೆ ಹೇಳಿಕೊಳ್ಳುವ ‘ಸಾಕ್ಷಿ’ಯಲ್ಲಿ ಹೊರಬಿದ್ದರಂತೂ, ಕೇಳಿಸಿಕೊಂಡವರು ಪೊಲೀಸರಿಗೆ ತಿಳಿಸಲೇಬೇಕೆನ್ನುತ್ತದೆ 2012ರ ಪೋಕ್ಸೊ ಕಾಯ್ದೆ.

ಹಾಗೆ ಹೇಳಿದ ಸಾಕ್ಷಿಯೆಲ್ಲ ಈಗ ಮೊಬೈಲಿನಲ್ಲಿ ದಾಖಲಾಗುತ್ತದೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಹೊರಗೆಡಹಿದ ಪಾದ್ರಿಗೆ ಕಥೋಲಿಕ ಸಭೆ ಬಹಿಷ್ಕಾರದ ಶಿಕ್ಷೆ ಇಟ್ಟಿದೆ. ಬಾಡಿಗೆ ಹಾಲ್‌ನಲ್ಲಿ ಅಳುತ್ತ ಹೇಳಿದ ಗುಟ್ಟಿಗೆ ಅಂಥ ಬೀಗವಿಲ್ಲ. ಪಾಪನಿವೇದನೆಯ ಗುಟ್ಟನ್ನೇ ಹಿಡಿದು ಬೆದರಿಸಿದರೆಂಬ ಆರೋಪ 2018ರಲ್ಲಿ ನೆರೆಯ ಕೇರಳದಲ್ಲಿ ಕೆಲವು ಪಾದ್ರಿಗಳ ಮೇಲೆ ಬಂದು, ರಾಷ್ಟ್ರೀಯ ಮಹಿಳಾ ಆಯೋಗ ಈ ಪದ್ಧತಿಯನ್ನೇ ರದ್ದು ಮಾಡಿ ಎಂದಿತು. ಅದು ಅತಿಯಾಯಿತು ಎಂಬುದು ನಮ್ಮ ಅಭಿಪ್ರಾಯ. ಆದರೆ ಒಳಗಿನವರು ತಿದ್ದದೆ ಬಿಟ್ಟರೆ ಹೊರಗಿನವರು ಕೊಡಲಿಯನ್ನೇ ತರುತ್ತಾರೆ.

ಒಳಗಿನವರು ಬಾಯಿ ಬಿಡದಿರಲು ಕಾರಣವೂ ಇದೆ. 2022ರ ಮತಾಂತರ ನಿಷೇಧ ಕಾಯ್ದೆಯ ಗದ್ದಲದ ನಂತರ ಪ್ರಾರ್ಥನಾ ಮನೆಗಳ ಮೇಲೆ ಗುಮಾನಿಯ ಕಣ್ಣು ಬಿದ್ದಿದೆ. ನಮ್ಮ ಹುಳುಕು ನಾವೇ ಆಡಿದರೆ ವಿರೋಧಿಗಳ ಕೈಗೆ ಕೋಲು ಕೊಟ್ಟಂತೆ ಎಂಬ ಭಯ ಸುಳ್ಳಲ್ಲ. ಆದರೂ ಮೌನದ ಬೆಲೆ ಏನೆಂದು ತಿಳಿಯಲು ತಮಿಳುನಾಡಿನ ಏರ್ವಾಡಿಯನ್ನು ನೆನೆಯಿರಿ. ದರ್ಗಾದ ಆಶ್ರಯಕ್ಕೆ ಬಂದು ಸರಪಳಿಯಲ್ಲಿ ಬಂಧಿಯಾಗಿದ್ದ 28 ಮಾನಸಿಕ ರೋಗಿಗಳು 2001ರ ಆಗಸ್ಟ್ 6ರಂದು ಬೆಂಕಿಗೆ ಬಲಿಯಾದರು. ಅಲ್ಲಿಗೆ ಅವರನ್ನು ಕರೆತಂದದ್ದೂ ನಂಬಿಕೆಯೇ. ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ದೆವ್ವ ಬಿಡಿಸುವ ನೆಪದ ಹೊಡೆತವನ್ನು, ಹಾವು ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸುವುದನ್ನು ಅಪರಾಧವೆನ್ನುತ್ತದೆ. ಮೆಲುದನಿಯಲ್ಲಿ ಮಾತ್ರೆ ಬಿಡಿಸುವವರನ್ನು ಅದು ಹಿಡಿಯುವುದು ಕಷ್ಟ.

ಹಾಗಾಗಿ ಕೆಲಸ ಸಭೆಗಳದೇ. ತಪಸ್ಸುಕಾಲ ಬರುವ ಮೊದಲು ಮೈಸೂರು ಧರ್ಮಪ್ರಾಂತವೂ ಸಿಎಸ್‌ಐ ಸಭೆಗಳೂ ಸ್ವತಂತ್ರ ಪಾಸ್ಟರುಗಳೂ ಒಂದೆಡೆ ಕೂತು ಮಾತಾಡಲಿ. ಮಾತ್ರೆ ಬಿಡಿ ಎನ್ನುವ ಬೋಧಕರಿಗೆ ಯಾವ ಸಭೆಯೂ ವೇದಿಕೆ ಕೊಡದಿರಲಿ. ಸಾಕ್ಷಿಯ ವಿಡಿಯೊ ನಿಲ್ಲಲಿ. ಹೊಡೆಸಿಕೊಂಡ ಹೆಂಗಸಿನ ಜೊತೆ ಮಾತಾಡಲು ಒಬ್ಬ ಹೆಂಗಸೇ ಇರಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ, ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡುವ ಟೆಲಿ ಮಾನಸ್‌ನ 14416 ಇದೆ. ಪೂಜೆಯ ವೇಳಾಪಟ್ಟಿ ಅಂಟಿಸುವ ಹಲಗೆಯಲ್ಲಿ ಈ ಸಂಖ್ಯೆಗೂ ಜಾಗ ಮಾಡಲು ಯಾವ ಧರ್ಮಾಧ್ಯಕ್ಷರ ಅನುಮತಿಯೂ ಬೇಕಿಲ್ಲ.