ಹೊಣೆ ಯಾರದು?
ಸೋತ ತಂಡದ ತರಬೇತುದಾರನನ್ನು ಹಳಿಯುವುದು ಕ್ರೀಡಾಭಿಮಾನಿಗಳ ಚಿರಂತನ ನ್ಯಾಯವಾದರೂ, ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡವು 2022–23ರಲ್ಲಿ ಕಂಡ ಪತನಕ್ಕೆ ಆ ನ್ಯಾಯವು ಅಷ್ಟು ಸುಲಭವಾಗಿ ಅನ್ವಯಿಸದು. ಹಿಂದಿನ ಋತುವಿನ ರಾಷ್ಟ್ರೀಯ ಅಂತಿಮ ಪಂದ್ಯದಲ್ಲಿ ಕ್ಯಾನ್ಸಸ್‌ಗೆ ಕೇವಲ 72–69ರಿಂದ ಮಣಿದಿದ್ದ ಮೊದಲ ಐವರಲ್ಲಿ ನಾಲ್ವರು ಮರಳಿ ಬಂದಿದ್ದರಿಂದ ಋತುವಿನ ಆರಂಭದ ಶ್ರೇಯಾಂಕದಲ್ಲೇ ಅಗ್ರಸ್ಥಾನವನ್ನು ಪಡೆದ ಆ ತಂಡ, ಕಡೆಗೆ 20 ಜಯ, 13 ಪರಾಭವಗಳೊಡನೆ 68 ತಂಡಗಳ ರಾಷ್ಟ್ರೀಯ ಪಂದ್ಯಾವಳಿಗೂ ಸಲ್ಲದಾಯಿತು. ದೋಷವೆಲ್ಲ ತರಬೇತುದಾರ ಹ್ಯೂಬರ್ಟ್ ಡೇವಿಸರದೆನ್ನುವವರು, ಅಂತಿಮ ಪಂದ್ಯದವರೆಗೆ ತಂಡವನ್ನು ಒಯ್ದವರೂ ಅವರೇ ಎಂಬುದನ್ನು ಮರೆಯುತ್ತಾರೆ. ಆಟಗಾರರಲ್ಲಿ ಪ್ರತಿಭೆಯಿರಲಿಲ್ಲವೆನ್ನುವವರಿಗೆ, ಆ ಬಳಗದ ಕೇಲಬ್ ಲವ್ ಅರಿಜೋನಕ್ಕೆ ಹೋಗಿ, ಆರ್.ಜೆ. ಡೇವಿಸ್ ನಾರ್ತ್ ಕೆರೊಲಿನಾದಲ್ಲೇ ಉಳಿದು, 2024ರಲ್ಲಿ ತಂತಮ್ಮ ವಲಯಗಳ ಶ್ರೇಷ್ಠ ಆಟಗಾರರೆನಿಸಿಕೊಂಡುದೇ ಉತ್ತರ. ವಾಸ್ತವವಾಗಿ ಕೊರತೆಯಾದುದು ತಂಡವನ್ನು ಬಿಟ್ಟುಹೋದ ಐದನೆಯವನಾದ ಬ್ರೇಡಿ ಮೇನಕ್‌ನದು: ಎತ್ತರದ ಆಳಾದ ಆತ ಮೂರು ಅಂಕಗಳ ಗೆರೆಯ ಹೊರಗೆ ನಿಂತು ಗುರಿಯಿಡುತ್ತಿದ್ದುದರಿಂದ ಎದುರಾಳಿಗಳ ಎತ್ತರದ ರಕ್ಷಕನೊಬ್ಬ ಅವನ ಬಳಿಗೆ ಬರಲೇಬೇಕಾಗುತ್ತಿತ್ತು, ಬುಟ್ಟಿಯ ಕೆಳಗೆ ಸಹ ಆಟಗಾರ ಅರ್ಮಾಂಡೊ ಬೇಕಾಟನಿಗೆ ಕೈಯಾಡಿಸುವಷ್ಟು ಎಡೆ ದೊರೆಯುತ್ತಿತ್ತು. ಆತನಿಲ್ಲದೆ ಆ ಎಡೆ ಮುಚ್ಚಿಹೋಗಿ, ಹೊರಗಿನಿಂದ ಎಸೆದ ಮೂರು ಚೆಂಡುಗಳಲ್ಲಿ ಒಂದೂ ಸರಾಸರಿಯಾಗಿ ಬುಟ್ಟಿಗೆ ಬೀಳದಾಯಿತು. ಆಟಗಾರರ ನಡುವಣ ಈ ಹೊಂದಿಕೆಯ ಭಂಗವನ್ನು ಸಕಾಲದಲ್ಲಿ ಗುರುತಿಸಿ, ಆಟದ ಕ್ರಮವನ್ನೇ ಬದಲಿಸಬೇಕಾದುದು ಮಾತ್ರ ತರಬೇತುದಾರನ ಕರ್ತವ್ಯವಾದುದರಿಂದ, ಹೊಣೆಯ ಹಿರಿಯ ಪಾಲು ಆತನದೆಂದೇ ಹೇಳಬೇಕಾಗುತ್ತದೆ.