ಶಿಶುವಿನ ಮೊದಲ ಪಠ್ಯ

ವಿದ್ಯಾಭ್ಯಾಸವು ಅಕ್ಷರಾಭ್ಯಾಸದ ದಿನ ಮೊದಲಾಗುತ್ತದೆಂಬುದು ರೂಢಿಯ ನಂಬಿಕೆ. ವಾಸ್ತವದಲ್ಲಿ ಅದು ತೊಟ್ಟಿಲಿನಲ್ಲಿಯೇ ಆರಂಭವಾಗಿರುತ್ತದೆ. ಇದಕ್ಕೆ ಕನ್ನಡ ನುಡಿಯೇ ಸಾಕ್ಷಿ. ‘ಆಡು’ ಎಂಬ ಒಂದೇ ಧಾತುವಿಗೆ ಅಲುಗು, ಕ್ರೀಡಿಸು, ನುಡಿ ಎಂಬ ಮೂರು ಅರ್ಥಗಳುಂಟು. ಶಿಶುವಿನ ಬೆಳವಣಿಗೆಯ ಕ್ರಮವೂ ಇದೇ ಆಗಿದೆ. ಮೊದಲು ಕೈಕಾಲುಗಳು ಆಡುತ್ತವೆ, ಬಳಿಕ ಕೂಸು ಆಟವಾಡುತ್ತದೆ, ಅನಂತರ ಮಾತನಾಡುತ್ತದೆ.

ನವಜಾತ ಶಿಶುವಿಗೆ ಸ್ಪಷ್ಟವಾಗಿ ಕಾಣುವುದು ಸುಮಾರು ಒಂದು ಅಡಿಯ ದೂರ ಮಾತ್ರ. ಎತ್ತಿಕೊಂಡ ತಾಯಿಯ ಮುಖ ಕಾಣಲು ಅಷ್ಟು ಸಾಕು. ನಾಲ್ಕೈದು ತಿಂಗಳಾಗುವಷ್ಟರಲ್ಲಿ ಅದು ಕೈ ಚಾಚಿ ಹಿಡಿಯುತ್ತದೆ. ಹಿಡಿದುದನ್ನು ಬಾಯಿಗೆ ಒಯ್ಯುತ್ತದೆ. ಹಿರಿಯರು ಇದನ್ನು ದುರಭ್ಯಾಸವೆಂದು ಗದರುವುದುಂಟು. ಆದರೆ ಅದು ವಸ್ತುಪರೀಕ್ಷೆ. ಗಟ್ಟಿಯೋ ಮೃದುವೋ, ನುಣುಪೋ ಒರಟೋ ಎಂಬುದನ್ನು ಶಿಶು ತುಟಿ ನಾಲಗೆಗಳಿಂದಲೂ ಅರಿಯುತ್ತದೆ. ಗಿಲಕಿಯನ್ನು ಅಲ್ಲಾಡಿಸಿದರೆ ಸದ್ದು, ನಿಲ್ಲಿಸಿದರೆ ಮೌನ; ಇದು ಕಾರ್ಯಕಾರಣ ಸಂಬಂಧದ ಪ್ರಥಮ ಪಾಠ. ಸೇರಿನೊಳಗೆ ಪಾವು ಕೂರುತ್ತದೆ, ಪಾವಿನೊಳಗೆ ಸೇರು ಕೂರದು. ಇದು ಗಣಿತದ ಪ್ರಥಮ ಪಾಠ.

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ (1896–1980) ತಮ್ಮ ಮೂವರು ಮಕ್ಕಳ ಆಟವನ್ನು ಗಮನಿಸಿ ಬರೆದಿಟ್ಟರು. ಆಟಿಕೆಯ ಮೇಲೆ ಬಟ್ಟೆ ಮುಚ್ಚಿದರೆ ಐದಾರು ತಿಂಗಳ ಕೂಸು ಅದನ್ನು ಹುಡುಕುವುದಿಲ್ಲ. ಎಂಟೊಂಬತ್ತು ತಿಂಗಳಿನದು ಬಟ್ಟೆ ಸರಿಸಿ ಹುಡುಕುತ್ತದೆ. ಕಾಣದ ವಸ್ತುವೂ ಇದೆಯೆಂಬ ಅರಿವು ಇನ್ನೂ ಮುಂಚೆಯೇ ಮೊಳೆಯಬಹುದೆಂದು ಅನಂತರದ ಸಂಶೋಧಕರು ತೋರಿಸಿದ್ದಾರೆ. ಹಾಗಾದರೂ ಆ ಅರಿವನ್ನು ಕೈಗೆ ತಂದುಕೊಡುವುದು ಆಟವೇ.

ಇದನ್ನರಿತವರಂತೆ ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆಮರವನ್ನು ಕಡೆದು, ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗನ್ನು ಒತ್ತಿ, ಚೂಪಿಲ್ಲದ ನುಣುಪಾದ ಆಟಿಕೆಗಳನ್ನು ಮಾಡುತ್ತ ಬಂದಿದ್ದಾರೆ. ಕಲ್ಪತರು ನಾಡೆನಿಸಿದ ತುಮಕೂರು ಸೀಮೆಯಲ್ಲಿ ಅದೂ ಬೇಕಿಲ್ಲ. ಚೆನ್ನಾಗಿ ಉಜ್ಜಿ ನಯಗೊಳಿಸಿದ ತೆಂಗಿನ ಕರಟಗಳೆರಡು ಕೂಸಿಗೆ ತಾಳವೂ ಹೌದು, ಬಟ್ಟಲೂ ಹೌದು.

ಹೀಗಿದ್ದೂ ಇಂದಿನ ಶಿಶುವಿನ ಕೈಗೆ ಸುಲಭವಾಗಿ ಬರುವುದು ಮೊಬೈಲು. ಅದರ ಮುಂದೆ ಕೂಸು ನೋಡುತ್ತದೆ, ಆಡುವುದಿಲ್ಲ. ಪರದೆಯ ಮೇಲಿನ ಹಣ್ಣಿಗೆ ತೂಕವಿಲ್ಲ, ವಾಸನೆಯಿಲ್ಲ. ಬೀಳಿಸಿದರೆ ಅದು ಉರುಳುವುದೂ ಇಲ್ಲ. ವರ್ಷ ತುಂಬದ ಶಿಶುವಿಗೆ ಪರದೆ ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿತು. ಆದರೆ ತಾಯಿತಂದೆಯರನ್ನು ದೂಷಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ತುಮಕೂರಿನ ಸಮೀಪದ ವಸಂತನರಸಾಪುರವು ಇಂದು ದೊಡ್ಡ ಕೈಗಾರಿಕಾ ಪ್ರದೇಶ. ಅಲ್ಲಿಯ ಆಹಾರ ಪಾರ್ಕು 2014ರಲ್ಲಿ ಉದ್ಘಾಟನೆಗೊಂಡಿತು. ಇಂಥ ಸ್ಥಳಗಳಲ್ಲಿ ಊರು ಬಿಟ್ಟು ಬಂದು ಪಾಳಿಯಲ್ಲಿ ದುಡಿಯುವ ದಂಪತಿಗಳ ಬಳಿ ಕೂಸನ್ನಾಡಿಸುವ ಅಜ್ಜಿಯಿಲ್ಲ. ದಣಿದ ತಾಯಿಗೆ ಅರೆಗಳಿಗೆಯ ಬಿಡುವು ಕೊಡುವುದು ಆ ಯಂತ್ರವೊಂದೇ. ಸ್ತ್ರೀಕಾರ್ಮಿಕರು ಹೆಚ್ಚಿರುವ ಕಾರ್ಖಾನೆಯಲ್ಲಿ ಶಿಶುಗೃಹವಿರಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯೇ ವಿಧಿಸಿತ್ತು. ಆದರೆ ಕಾಯಿದೆ ಕೋಣೆಯನ್ನು ಕಟ್ಟಿಸಬಲ್ಲುದೇ ಹೊರತು ಆಡಿಸುವ ಮನಸ್ಸನ್ನು ಕಟ್ಟಲಾರದು. ಎದುರಿಗೆ ಕುಳಿತು “ಎಲ್ಲಿ ಹೋಯಿತು? ಇಗೋ ಬಂತು!” ಎನ್ನುವವರಿಲ್ಲದಿದ್ದರೆ ಅತ್ಯುತ್ತಮ ಆಟಿಕೆಯೂ ಬರಿಯ ಮರದ ತುಂಡು.

ಶಾಲೆಗಳ ಬಗೆಗೆ ಅಭಿಮಾನವುಳ್ಳವರು ಇಲ್ಲಿ ಮಾಡಬಹುದಾದ ಕೆಲಸವಿದೆ. ಕಟ್ಟಡಕ್ಕೆ ಕೊಡುವ ದಾನಿಗಳು ಅದರಲ್ಲೊಂದು ಅಲ್ಪಾಂಶವನ್ನು ಅಂಗನವಾಡಿಯ, ಶಿಶುಗೃಹದ ಆಟಿಕೆಗಳಿಗೆ ಮೀಸಲಿಡಲಿ. ಅಧ್ಯಾಪಕರ ಮಾರ್ಗದರ್ಶನದಲ್ಲಿ ಹಿರಿಯ ವಿದ್ಯಾರ್ಥಿಗಳು ಕರಟ, ಮರ, ಬಟ್ಟೆಗಳಿಂದ ಶಿಶು ನುಂಗಲಾರದಷ್ಟು ದೊಡ್ಡ ಆಟಿಕೆಗಳನ್ನು ತಯಾರಿಸಲಿ. ರಜಾದಿನಗಳಲ್ಲಿ ಹೋಗಿ ಮಕ್ಕಳನ್ನು ಆಡಿಸಿಯೂ ಬರಲಿ. ಮುಂದೆ ಶಾಲೆಯ ಹೊಸ್ತಿಲು ದಾಟಿ ಬರುವ ಮಗು ಕೈತುಂಬ ಆಡಿ ಬಂದದ್ದಾದರೆ, ಕಪ್ಪುಹಲಗೆಯ ಮೇಲಿನ ಅಕ್ಷರವೂ ಅದಕ್ಕೆ ಹೊಸದೊಂದು ಆಟಿಕೆಯಾಗಿ ಕಂಡೀತು.